ಬೇರಿಗೂ ಜಾಗ ಬಿಡೋಣ

ಮಲೆನಾಡಿನ ರಸ್ತೆಗಳು ಅಗಲವಾಗುತ್ತಿವೆ. ಕಾಮಗಾರಿ ಮುಗಿದಾಗ ‘ಒಂದು ಮರವನ್ನೂ ಕಡಿಯಲಿಲ್ಲ’ ಎಂಬ ಸಮಾಧಾನದ ಮಾತು ಕೇಳಿಬರುತ್ತದೆ. ಆದರೆ ಕೊಡಲಿ ತಾಗದ ಮರವೂ ಸಾಯಬಲ್ಲುದು.

ಮರವನ್ನು ಪೋಷಿಸುವುದು ಆಳಕ್ಕಿಳಿದ ತಾಯಿಬೇರೊಂದೇ ಎಂಬ ನಂಬಿಕೆ ನಮ್ಮಲ್ಲಿದೆ. ವಸ್ತುಸ್ಥಿತಿ ಬೇರೆ. ನೀರು, ಪೋಷಕಾಂಶಗಳನ್ನು ಹೀರುವ ಬೇರುಗಳಲ್ಲಿ ಬಹುಪಾಲು ಮೇಲಿನ ಎರಡಡಿ ಮಣ್ಣಿನಲ್ಲೇ, ಕೊಂಬೆಗಳ ಹರವನ್ನೂ ಮೀರಿ ಹಬ್ಬಿರುತ್ತವೆ. ಅವು ಉಸಿರಾಡುವುದು ಮಣ್ಣಿನ ರಂಧ್ರಗಳಲ್ಲಿರುವ ಗಾಳಿಯಿಂದ. ಜೆಸಿಬಿ, ರೋಲರುಗಳ ಭಾರಕ್ಕೆ ಆ ರಂಧ್ರಗಳು ಮುಚ್ಚಿಹೋಗುತ್ತವೆ. ಬುಡದವರೆಗೆ ಸುರಿದ ಕಾಂಕ್ರೀಟು ನೀರನ್ನೂ ತಡೆಯುತ್ತದೆ. ಚರಂಡಿಗಾಗಿ ಒಂದು ಪಾರ್ಶ್ವದ ಬೇರು ಕತ್ತರಿಸಿದರೆ ಮರದ ಆಧಾರವೇ ತಪ್ಪುತ್ತದೆ. ಮರ ಒಣಗುವುದು ಹಲವು ವೇಳೆ ಎರಡು-ಮೂರು ಮಳೆಗಾಲಗಳ ಅನಂತರವಾದ್ದರಿಂದ ಕಾರಣ ಯಾರಿಗೂ ಹೊಳೆಯದು. ಆಷಾಢದ ಗಾಳಿಗೆ ಉರುಳಿದರೆ ದೂರು ಗಾಳಿಯ ಮೇಲೆ.

ದೆಹಲಿಯ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿತು. ದೊಡ್ಡ ಮರಕ್ಕೆ ಅದೂ ಸಾಲದು. ಎದೆಮಟ್ಟದಲ್ಲಿ ಕಾಂಡದ ವ್ಯಾಸದ 12 ಪಟ್ಟು ದೂರದವರೆಗಿನ ನೆಲವನ್ನು ರಕ್ಷಿಸಬೇಕೆಂಬುದು ಬ್ರಿಟನ್ನಿನ ನಿರ್ಮಾಣ ಮಾನದಂಡ. ಅರ್ಧ ಮೀಟರ್ ವ್ಯಾಸದ ಹಲಸಿಗೆ ಅದು 6 ಮೀಟರ್.

ಘಟ್ಟದ ಕಿರುದಾರಿಯಲ್ಲಿ ಅಷ್ಟು ಜಾಗವೆಲ್ಲಿ ಎಂಬ ಪ್ರಶ್ನೆ ಸಹಜ. ಜಾಗವಿಲ್ಲದಲ್ಲಿ ಯಂತ್ರ ಬಿಟ್ಟು ಕೈಯಿಂದ ಅಗೆಯಬಹುದು. ಹೆಬ್ಬೆರಳಿಗಿಂತ ದಪ್ಪನೆಯ ಬೇರನ್ನು ಉಳಿಸಿ ಚರಂಡಿಯನ್ನು ಬಳಸಿ ಒಯ್ಯಬಹುದು. ಬುಡದಲ್ಲಿ ಜಲ್ಲಿ, ಮಣ್ಣು ರಾಶಿ ಹಾಕದಿರಬಹುದು. ಸಿಮೆಂಟಿಲ್ಲದೆ ಕಲ್ಲು ಹಾಸಬಹುದು.

ಈ ಷರತ್ತುಗಳು ಕಾಮಗಾರಿಯ ಅಂದಾಜುಪಟ್ಟಿಯಲ್ಲೇ ಸೇರಬೇಕು. ಗ್ರಾಮಸಭೆಯಲ್ಲಿ ನಾವು ಕೇಳಬೇಕಾದುದು ಅದನ್ನೇ. ಯಂತ್ರ ಬಂದಿಳಿದ ಮೇಲಿನ ಪ್ರತಿಭಟನೆ, ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.