ಕಡಲ ಹೂಳಿನಲ್ಲಿ ಬಯಲುಸೀಮೆಯ ಪಾಲು

ತೀರದ ಕಡಲನೀರಿನಲ್ಲೂ ತಳದ ಹೂಳಿನಲ್ಲೂ ಸೇರಿರುವ ಸಾವಯವ ವಸ್ತು, ಅಂದರೆ ಜೀವಿಗಳ ದೇಹದಿಂದ ಬಂದ ಇಂಗಾಲಯುಕ್ತ ಪದಾರ್ಥ, ಎಲ್ಲಿಯದೆಂಬ ಪ್ರಶ್ನೆ ಕರಾವಳಿಗಷ್ಟೇ ಸೇರಿದ್ದಲ್ಲ. ಧಾರವಾಡವು ಎರಡು ಕಡಲುಗಳಿಗೆ ನೀರು ಹಂಚುವ ದಿಣ್ಣೆಯ ಮೇಲಿದೆ. ನಗರದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯು ಬೇಡ್ತಿಯನ್ನು ಕೂಡಿ, ಗಂಗಾವಳಿಯೆಂಬ ಹೆಸರಿನಿಂದ ಅರಬ್ಬಿ ಸಮುದ್ರ ಸೇರಿದರೆ, ಉಪ್ಪಿನಬೆಟಗೇರಿಯ ಎರೆಹೊಲಗಳ ಮಳೆನೀರು ಹಳ್ಳಗಳ ಮೂಲಕ ಮಲಪ್ರಭೆಗೆ, ಕೂಡಲಸಂಗಮದಲ್ಲಿ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಸಾಗುತ್ತದೆ.

ಕಡಲಿನ ಸ್ವಂತ ಸಾವಯವ ವಸ್ತುವಿನ ಬಹುಪಾಲು ಸಸ್ಯಪ್ಲವಕಗಳಿಂದ, ಅಂದರೆ ನೀರಿನಲ್ಲಿ ತೇಲುತ್ತ ಬಿಸಿಲಿನಿಂದ ಆಹಾರ ತಯಾರಿಸುವ ಸೂಕ್ಷ್ಮ ಜೀವಿಗಳಿಂದ ಬರುತ್ತದೆ. ಅವುಗಳಲ್ಲಿ 16 ಸಾರಜನಕ ಪರಮಾಣುಗಳಿಗೆ ಸರಾಸರಿ 106 ಇಂಗಾಲ ಪರಮಾಣುಗಳಿದ್ದರೆ, ನೆಲದ ಗಿಡಮರಗಳಲ್ಲಿ ಇಂಗಾಲದ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚು. ಮೂಲವನ್ನು ಗುರುತಿಸುವ ಇನ್ನೊಂದು ಸಾಧನವೆಂದರೆ ಇಂಗಾಲದ ಹೆಚ್ಚು ತೂಕದ ರೂಪವಾದ ಇಂಗಾಲ-13. ಅಂತರರಾಷ್ಟ್ರೀಯ ಮಾನಕಕ್ಕೆ ಹೋಲಿಸಿದರೆ ಇದರ ಅನುಪಾತವು ಸಸ್ಯಪ್ಲವಕಗಳಲ್ಲಿ ಸಾವಿರಕ್ಕೆ ಸುಮಾರು 20ರಷ್ಟು, ಕಾಡಿನ ಮರಗಳಲ್ಲಿ ಸುಮಾರು 27ರಷ್ಟು ಕಡಿಮೆ ಇರುತ್ತದೆ.

ಈ ಲೆಕ್ಕವು ಬಯಲುಸೀಮೆಯ ಬೆಳೆಗಳೆದುರು ತಪ್ಪುತ್ತದೆ. ಜೋಳ, ಗೋವಿನಜೋಳ, ಕಬ್ಬುಗಳು ಇಂಗಾಲವನ್ನು ಹಿಡಿದಿಡುವ ವಿಧಾನವೇ ಬೇರೆಯಾದ್ದರಿಂದ, ಅವುಗಳಲ್ಲಿ ಈ ಕೊರತೆ ಸಾವಿರಕ್ಕೆ ಸುಮಾರು 13 ಮಾತ್ರ. ಜೋಳದ ಹೊಲದ ಇಂಗಾಲವೂ ಕಾಡಿನ ಇಂಗಾಲವೂ ಸಮಪಾಲಿನಲ್ಲಿ ಬೆರೆತರೆ ಸರಾಸರಿ 20 ಆಗಿ, ಪೂರ್ತಿ ನೆಲದಿಂದಲೇ ಬಂದ ವಸ್ತು ಕಡಲಿನದೆಂದು ದಾಖಲಾಗುವ ಅಪಾಯವಿದೆ. ಆದ್ದರಿಂದ ಒಂದೇ ಅಳತೆಯನ್ನು ನೆಚ್ಚದೆ, ನೆಲದ ಸಸ್ಯಗಳಿಗೆ ಗಡಸುತನ ಕೊಡುವ, ಸಸ್ಯಪ್ಲವಕಗಳಲ್ಲಿ ಇಲ್ಲದ ಲಿಗ್ನಿನ್ ಎಂಬ ವಸ್ತುವನ್ನೂ ಎಲೆಗಳ ಮೇಣವನ್ನೂ ಜೊತೆಯಲ್ಲೇ ಪರೀಕ್ಷಿಸಬೇಕು.

ಹೊಲದಿಂದ ಕೊಚ್ಚಿಹೋದ ಮಣ್ಣೆಲ್ಲ ಕಡಲನ್ನು ಮುಟ್ಟುವುದಿಲ್ಲವೆಂಬುದೂ ನಿಜ. ಕೃಷ್ಣೆಯ ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ ಅಣೆಕಟ್ಟುಗಳ ಹಿನ್ನೀರಿನಲ್ಲಿ ಅದರ ಬಹುಭಾಗ ತಂಗುತ್ತದೆ. ಆದರೆ ನೀರಿನಲ್ಲಿ ಕರಗಿದ ಸಾವಯವ ವಸ್ತುವೂ, ಎರೆಮಣ್ಣಿನ ನುಣುಪು ಜೇಡಿಕಣಗಳಿಗೆ ಅಂಟಿದ ಇಂಗಾಲದ ಒಂದು ಪಾಲೂ ಮುಂದೆ ಸಾಗಬಲ್ಲವು. ಹುಬ್ಬಳ್ಳಿಯ ಚರಂಡಿ ನೀರು ಬೆಣ್ಣೆಹಳ್ಳದ ಮೂಲಕ ಮಲಪ್ರಭೆಯತ್ತ ಹರಿಯುವುದರಿಂದ, ನಗರದ ತ್ಯಾಜ್ಯವೂ ಈ ಲೆಕ್ಕದಿಂದ ಹೊರಗುಳಿಯಲಾರದು.

ಕಡಲಿನ ಹೂಳನ್ನು ಸರಿಯಾಗಿ ಓದಬೇಕಾದರೆ ಮೇಲ್ಭಾಗದ ಮಣ್ಣು, ಬೆಳೆ ಮತ್ತು ಚರಂಡಿಗಳ ಗುರುತುಗಳು ಮೊದಲು ದಾಖಲಾಗಬೇಕು. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವು 1986ರಿಂದಲೂ ಇದೆ. ಕರ್ನಾಟಕ ವಿಶ್ವವಿದ್ಯಾಲಯವು ಧಾರವಾಡದಲ್ಲಿದ್ದುಕೊಂಡೇ ಕಾರವಾರದಲ್ಲಿ ಕಡಲಜೀವಶಾಸ್ತ್ರ ವಿಭಾಗವನ್ನು ನಡೆಸುತ್ತಿದೆ. ಇವೆರಡೂ ಒಂದಾಗಿ, ಹಂಗಾಮಿಗೊಮ್ಮೆ ಹೊಲದ ಮಣ್ಣು, ಹಳ್ಳದ ನೀರು ಮತ್ತು ನದೀಮುಖದ ಹೂಳಿನ ಮಾದರಿಗಳನ್ನು ಒಂದೇ ವಿಧಾನದಲ್ಲಿ ಪರೀಕ್ಷಿಸಿ, ಫಲಿತಾಂಶಗಳನ್ನು ಸಾರ್ವಜನಿಕಗೊಳಿಸಬೇಕು. ಮೇಲ್ಮಣ್ಣು ಉಳಿಸುವ ಬದು-ಒಡ್ಡುಗಳಿಗೂ ಚರಂಡಿ ನೀರಿನ ಶುದ್ಧೀಕರಣಕ್ಕೂ ಸರ್ಕಾರ ಮಾಡುವ ವೆಚ್ಚವು ಕಡಲಿನ ಆರೋಗ್ಯಕ್ಕೆ ಎಷ್ಟು ನೆರವಾಗುತ್ತಿದೆ ಎಂಬುದನ್ನು ತೂಗಿನೋಡಲು ಇಂಥ ದಾಖಲೆಯೇ ಆಧಾರವಾಗಬಲ್ಲದು.