ಕ್ಲಾಕ್ ಇಳಿದ್ರ ಕಾರ್ಡ್ ಹೋತು ಅಂತಲ್ಲ

ಗೇಮಿಂಗ್ ಲ್ಯಾಪ್‌ಟಾಪ್ ಇರೋ ಮನ್ಯಾಗ ಒಂದು ಜಗಳ ಖಾಯಂ ಇರತೈತಿ. "ಗೇಮ್ ನಿಂತು ನಿಂತು ಓಡಾಕತ್ತೈತಿ, ಜಿಪಿಯು ಕ್ಲಾಕ್ ಏರವಲ್ದು" ಅಂತ ಹುಡುಗರು. "ಅಷ್ಟು ರೊಕ್ಕಾ ಸುರುವಿ ಎರಡು ವರ್ಷ ಆಗಿಲ್ಲ" ಅಂತ ಹಿರ್ಯಾರು. ನನ್ನ ಮಾತು ಮೊದಲ ಹೇಳಿಬಿಡತೀನ್ರಿ: ಕ್ಲಾಕ್ ಇಳಿಯೂದು ಬಹಳ ಸಲ ಯಂತ್ರ ತನ್ನ ಜೀವ ಉಳಿಸಿಕೊಳ್ಳೂ ರೀತಿ. ಯಾಕ ಇಳೀತು ಅಂತ ನೋಡದ ಪವರ್ ಸೇವಿಂಗ್ ಎಲ್ಲಾ ಬಂದ್ ಮಾಡಬ್ಯಾಡ್ರಿ, ಬೋರ್ಡ್ ಬದಲಿ ಮಾಡಸಾಕೂ ಓಡಬ್ಯಾಡ್ರಿ.

ನಮ್ಮ ಅಕ್ಕನ ಮಗ ಬೆಳಗಾವ್ಯಾಗ ರೂಮ್ ಮಾಡ್ಕೊಂಡು ಇಂಜಿನಿಯರಿಂಗ್ ಓದತಾನ, ಮನಿ ಖಾನಾಪುರ. ರೂಮಿನ್ಯಾಗ 2,000 ಮೆಗಾಹರ್ಟ್ಸ್ ದಾಟತಿದ್ದ ಕಾರ್ಡ್, ಊರಿಗೆ ಬಂದ ಕೂಡಲೇ 600ರ ಹತ್ರ ನಿಂತು ಬಿಡತಿತ್ತು. "ಮೌಶಿ, ಕಾರ್ಡ್ ಸತ್ತ ಹೋಗೇತಿ" ಅಂದ. ಒಂದು ಅಂಗಡಿಯವರು ನೋಡದನ ಬೋರ್ಡ್ ಬದಲಿಗೆ 18,000 ಹೇಳಿದ್ರು. ಖರೆ ಕಾರಣ ಏನಂದ್ರ, ಲ್ಯಾಪ್‌ಟಾಪ್ ಜೋಡಿ ಬಂದ 230 ವ್ಯಾಟಿನ ಚಾರ್ಜರ್ ಇಟ್ಟಂಗಿಯಂಗ ಭಾರ. ಬಸ್ಸಿನ್ಯಾಗ ಯಾರು ಹೊರಬೇಕು ಅಂತ ರೂಮಿನ್ಯಾಗ ಬಿಟ್ಟು, 65 ವ್ಯಾಟಿನ ಟೈಪ್-ಸಿ ಚಾರ್ಜರ್ ತಂದಿದ್ದ. ಹೊಟ್ಟಿಗೆ ಅರ್ಧಾ ರೊಟ್ಟಿ ಹಾಕಿ ಹೊಲ ಉಳು ಅಂದ್ರ ಎತ್ತು ಎಷ್ಟು ಎಳದೀತು?

ಬ್ಯಾಟರಿ ಮ್ಯಾಲೆ ಆಡಿದ್ರೂ ಇದ ಕತಿ. ವಿಮಾನದಾಗ ಒಯ್ಯೂ ನಿಯಮ ನೋಡ್ಕೊಂಡು ಕಂಪನಿಗಳು ಲ್ಯಾಪ್‌ಟಾಪ್ ಬ್ಯಾಟರಿ 100 ವ್ಯಾಟ್-ಅವರ್‌ನ ಒಳಗ ಇಡತಾವ. ಕಾರ್ಡ್ ಒಂದ ನೂರು ವ್ಯಾಟ್ ಎಳದ್ರ ತುಂಬಿದ ಬ್ಯಾಟರಿನೂ ತಾಸು ಬಾಳಂಗಿಲ್ಲ. ಅದಕ್ಕ ಪ್ಲಗ್ ಕಿತ್ತ ಕೂಡಲೇ ಕ್ಲಾಕ್ ಇಳಸತೈತಿ. ಎನ್‌ವಿಡಿಯಾದ ಬ್ಯಾಟರಿ ಬೂಸ್ಟ್ ಚಾಲೂ ಇದ್ರ ಫ್ರೇಮ್ ಸುದ್ದಾ 30ಕ್ಕ ಕಟ್ಟಿ ಹಾಕಬಹುದು.

ಹಂಗಾದ್ರ ಏನು ನೋಡಬೇಕು?

ಮೊದಲ, ಗೇಮ್ ಓಡೂವಾಗ ಅಳೀರಿ. ಸುಮ್ಮ ಕುಂತಾಗ 210 ಮೆಗಾಹರ್ಟ್ಸ್ ತೋರಿಸಿದ್ರ ಅದು ಸರಿನ. ಕೆಲಸಾ ಇಲ್ಲದಾಗ ಒಲಿ ಸಣ್ಣ ಮಾಡಿದಂಗ. ಜಿಪಿಯು-ಝಡ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಐತಿ. ಅದರಾಗ 'ಪರ್ಫ್‌ಕ್ಯಾಪ್ ರೀಸನ್' ಅನ್ನೋ ಸಾಲು ಕಾರಣ ಹೇಳತೈತಿ: ಪವರ್ ಮಿತಿಯೋ, ಶಾಖವೋ, ಸುಮ್ಮ ಕುಂತೈತೋ ಅಂತ.

ಪವರ್ ಅಂತ ಬಂದ್ರ ಚಾರ್ಜರ್ ಚೀಟಿ ಓದ್ರಿ. ವೋಲ್ಟ್‌ಗೆ ಆಂಪ್ ಗುಣಿಸಿದ್ರ ವ್ಯಾಟ್: 19.5ಕ್ಕ 11.8 ಅಂದ್ರ 230. ವೋಲ್ಟೇಜ್ ಕಡಿಮಿ ಬಂತು ಅಂತ ಅಂಜಬ್ಯಾಡ್ರಿ. ಚೀಟಿ ಮ್ಯಾಲೆ 100-240 ವೋಲ್ಟ್ ಅಂತ ಇದ್ರ ಅದು ತಡಕೊಳ್ಳತೈತಿ. ಚಾರ್ಜರ್ ಸರಿ ಇದ್ರ ವಿಂಡೋಸ್‌ದಾಗ ಪವರ್ ಮೋಡ್ ಮತ್ತ ಕಂಪನಿಯ ಆ್ಯಪ್‌ನ್ಯಾಗ 'ಸೈಲೆಂಟ್' ಹಾಕಿ ಬಿಟ್ಟಿರೇನು ನೋಡ್ರಿ. ಶಾಖ ಅಂತ ಬಂದ್ರ ಗಾದಿ ಮ್ಯಾಲಿಂದ ಟೇಬಲ್ಲಿಗೆ ತರ್ರಿ, ಹಿಂದಿನ ಕಾಲಿಗೆ ಎರಡು ಬಾಟ್ಲಿ ಮುಚ್ಚಳಾ ಕೊಡ್ರಿ, ಫ್ಯಾನಿನ ಧೂಳಾ ತಗಸ್ರಿ.

ಇಷ್ಟೆಲ್ಲಾ ನೋಡಿದ ಮ್ಯಾಲೂ, ತುಂಬಾ ಕ್ಲಾಕ್ ಯಾವಾಗ್ಲೂ ಬೇಕು ಅನ್ನೋ ಹಟ ನನಗ ಒಪ್ಪಿಗಿ ಇಲ್ಲ. ವೇಗ ಏರಿಸಾಕ ವೋಲ್ಟೇಜೂ ಏರಿಸಬೇಕು. ಕಡೀ ಸ್ವಲ್ಪ ವೇಗಕ್ಕ ಕರೆಂಟು, ಶಾಖ ಎರಡೂ ಅಳತಿ ಮೀರಿ ಹೋಗತಾವ. ಫ್ರೇಮ್ 60ಕ್ಕ ಕಟ್ಟಿದ್ರ ಕಣ್ಣಿಗೆ ಭಾಳ ವ್ಯತ್ಯಾಸ ಕಾಣಂಗಿಲ್ಲ, ಫ್ಯಾನಿನ ಗದ್ದಲ ಮಾತ್ರ ಕಡಿಮಿ ಆಗತೈತಿ.

ಖಾನಾಪುರ ಕಡೆ ಮಳಿಗಾಲದಾಗ ಗಿಡ ಬಿದ್ದು ಕರೆಂಟ್ ಹೋಗೂದು ಹೊಸದಲ್ಲ. ಆವಾಗ ಇನ್ವರ್ಟರ್ ಮ್ಯಾಲೆ ಗೇಮ್ ಆಡಿದ್ರ 200 ವ್ಯಾಟ್ ಹೋಗತೈತಿ, ಅಂದ್ರ ಹಳೇ ಮಾದರಿ ಫ್ಯಾನ್ ಹತ್ತಿರ ಹತ್ತಿರ ಮೂರು ತಿರಗಿದಷ್ಟು. 150 ಎಎಚ್‌ನ ಒಂದು ಬ್ಯಾಟರ್‍ಯಾಗ ಲೆಕ್ಕಕ್ಕನ 1,800 ವ್ಯಾಟ್-ಅವರ್, ಕೈಗೆ ಸಿಗೂದು ಇನ್ನೂ ಕಡಿಮಿ. ರಾತ್ರಿ ಅಜ್ಜಿ ಕ್ವಾಣ್ಯಾಗ ಫ್ಯಾನ್ ನಿಂತ್ರ ಅದಕ್ಕ ಯಾರು ಹೊಣಿ? ಕರೆಂಟ್ ಹೋದ ಕೂಡಲೇ ಲ್ಯಾಪ್‌ಟಾಪ್ ಪ್ಲಗ್ ಕೀಳ್ರಿ, ಪವರ್ ಸೇವಿಂಗ್ ಹಾಕ್ರಿ, ಓದೂದು ಬರಿಯೂದು ಅದರ ಸ್ವಂತ ಬ್ಯಾಟರಿ ಮ್ಯಾಲೆ ಮಾಡ್ರಿ. ಸ್ಕ್ವೇರ್ ವೇವ್ ಇನ್ವರ್ಟರ್ ಇದ್ರ ದೊಡ್ಡ ಚಾರ್ಜರ್ ಗುಂಯ್‌ಗುಡೂದೂ, ಕಾಯೂದೂ ಉಂಟು. ಅದಕ್ಕಂತೂ ಹಚ್ಚಲೇಬ್ಯಾಡ್ರಿ.

ಹೊಸದು ತಗೊಳ್ಳಾವ್ರಿಗೆ ಒಂದು ಮಾತು. ಕಾರ್ಡಿನ ಹೆಸರು ಒಂದ ಕೇಳಿ ರೊಕ್ಕಾ ಎಣಸಬ್ಯಾಡ್ರಿ. ಆರ್‌ಟಿಎಕ್ಸ್ 4060 ಅನ್ನೋ ಒಂದ ಹೆಸರಿನ ಲ್ಯಾಪ್‌ಟಾಪ್ ಕಾರ್ಡಿಗೆ ಎನ್‌ವಿಡಿಯಾ ಕೊಟ್ಟ ಮಿತಿ 35ರಿಂದ 115 ವ್ಯಾಟ್, ಬೂಸ್ಟ್ ಕ್ಲಾಕ್ 1,470ರಿಂದ 2,370 ಮೆಗಾಹರ್ಟ್ಸ್. ತೆಳ್ಳನ ಲ್ಯಾಪ್‌ಟಾಪ್ ತಗೊಂಡು ಗೆಳ್ಯಾನ ದಪ್ಪ ಲ್ಯಾಪ್‌ಟಾಪ್ ಜೋಡಿ ಹೋಲಿಸಿ, ಅದರಾಗ ಇಲ್ಲದ ದೋಷ ಹುಡುಕೂದು ಅನ್ಯಾಯ. "ಇದರ ಟಿಜಿಪಿ ಎಷ್ಟು?" ಅಂತ ಅಂಗಡ್ಯಾಗ ಕೇಳ್ರಿ. ಉತ್ತರ ಬರಲಿಲ್ಲಂದ್ರ ಮುಂದಿನ ಅಂಗಡಿಗೆ ನಡೀರಿ.

ಮನ್ಯಾಗಿನ ಹಿರ್ಯಾರಿಗೂ ಹೇಳತೀನಿ: ರಿಪೇರಿಗೆ ರೊಕ್ಕಾ ಕೊಡೂ ಮೊದಲ "ಚಾರ್ಜರ್ ಯಾವದು ಹಚ್ಚೀದಿ?" ಅಂತ ಒಂದ ಪ್ರಶ್ನೆ ಕೇಳ್ರಿ. ಅದನ್ನ ಕೇಳಾಕ ಕಂಪ್ಯೂಟರ್ ಓದಿರಬೇಕಂತಿಲ್ಲ.