ಗೋಡೆಗೆ ಮೊಳೆ ಬೇಡ, ನೆರಳು ಸಾಕು

ಕೇಂದ್ರ ಸರ್ಕಾರದ ನೌಕರರು ನಿವೃತ್ತರಾಗುವಾಗ ಪಿಂಚಣಿಯ ಕಾಗದಗಳೊಂದಿಗೆ ಬಾಳಸಂಗಾತಿಯ ಜೊತೆಗಿನ ಜಂಟಿ ಭಾವಚಿತ್ರವನ್ನೂ ಸಲ್ಲಿಸಬೇಕು. ಇಂಥ ಕಡತಗಳ ನಡುವೆ ವರ್ಷಗಳನ್ನು ಕಳೆದ ನನಗೆ ಆ ಚಿತ್ರಗಳು ಒಂದು ಬಗೆಯ ಸಂಕಟವನ್ನು ಉಂಟುಮಾಡುತ್ತವೆ. ಮೂವತ್ತು ಮೂವತ್ತೈದು ವರ್ಷ ಒಟ್ಟಿಗೆ ಬಾಳಿದ ಎಷ್ಟೋ ದಂಪತಿಗಳು ಮದುವೆಯ ಫೋಟೋದ ನಂತರ ಛಾಯಾಗ್ರಾಹಕನೆದುರು ಜೋಡಿಯಾಗಿ ಕೂರುವುದು ಈ ಕಡತದ ಸಲುವಾಗಿಯೇ. ಹಿಂದೆ ಬಿಳಿಯ ಪರದೆ, ಎದುರಿಗೆ ಎರಡು ದೀಪ, ಹತ್ತು ನಿಮಿಷದಲ್ಲಿ ಪ್ರತಿಗಳು ಕೈಗೆ. ಮುಂದೊಂದು ದಿನ ಇಬ್ಬರಲ್ಲೊಬ್ಬರು ಇಲ್ಲವಾದಾಗ ಮನೆಯವರು ಹುಡುಕಿ ತೆಗೆದು, ದೊಡ್ಡದು ಮಾಡಿಸಿ, ಗಂಧದ ಹಾರ ಹಾಕುವುದೂ ಇದೇ ಚಿತ್ರಕ್ಕೆ.

ಬಿಳಿಯ ಹಿನ್ನೆಲೆಯ ಮೇಲೆ ನನಗೆ ದ್ವೇಷವೇನಿಲ್ಲ. ಗುರುತು ಹಿಡಿಯುವವನಿಗೆ ಮುಖದ ಅಂಚು ಸ್ಪಷ್ಟವಾಗಿ ಕಾಣಬೇಕು, ಅಷ್ಟೆ. ಆದರೆ ಗುರುತಿಸುವುದು ಬೇರೆ, ನೆನೆಯುವುದು ಬೇರೆ. ಹಳೆಯ ಸ್ಟುಡಿಯೋಗಳ ಬಣ್ಣದ ಪರದೆಗಳನ್ನು ನಾವು ನೋಡಿ ನಗುತ್ತೇವೆ: ಅರಮನೆಯ ಮೆಟ್ಟಿಲು, ಕೆತ್ತನೆಯ ಕಂಬ, ದೂರದಲ್ಲೊಂದು ಸರೋವರ. ಆ ಪರದೆಯ ಮುಂದೆ ನಿಂತ ಗುಮಾಸ್ತನಿಗೆ ಅರಮನೆ ತನ್ನದಲ್ಲವೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಮನುಷ್ಯನೆಂದರೆ ಅವನಿಗೊಂದು ಎಡೆ ಇರಬೇಕು, ಅವನು ಎಲ್ಲಿಯಾದರೂ ನಿಂತಿರಬೇಕು ಎಂಬ ಗೌರವ ಆ ಪರದೆಯಲ್ಲಿತ್ತು. ಪಾಸ್‌ಪೋರ್ಟ್ ಅಳತೆಯ ಚಿತ್ರದಲ್ಲಿ ಮನುಷ್ಯ ಎಲ್ಲಿಯೂ ಇಲ್ಲ.

ಹೊರನಾಡಿನಲ್ಲಿರುವ ನಮ್ಮ ವಿಷಯಕ್ಕೆ ಬಂದರೆ ತೊಡಕು ಇನ್ನೂ ಒಂದಿದೆ. ಬಾಡಿಗೆ ಮನೆ, ಇಲ್ಲವೇ ಸರ್ಕಾರಿ ಕ್ವಾರ್ಟರ್ಸು. ಗೋಡೆಗೆ ಮೊಳೆ ಹೊಡೆದರೆ ಮಾಲೀಕರ ಮುಖ ಕೆಂಪಾಗುತ್ತದೆ, ಬಣ್ಣ ಬದಲಿಸುವುದಂತೂ ದೂರದ ಮಾತು. ಊರಿನ ಮನೆಯ ಕಂಬ, ತೊಟ್ಟಿ, ಜಗಲಿ ಯಾವುದೂ ಇಲ್ಲಿಗೆ ಬಂದಿಲ್ಲ. ಆದ್ದರಿಂದಲೇ, ಹಿರಿಯರ ಭಾವಚಿತ್ರವನ್ನು ಅವರು ಗಟ್ಟಿಯಾಗಿರುವಾಗಲೇ ಮನೆಯಲ್ಲಿ, ಅದೇ ಮಾಸಲು ಗೋಡೆಯ ಮೇಲೆ ಬೆಳಕಿನ ಚಿತ್ತಾರ ಬೀಳಿಸಿ ತೆಗೆಯಬೇಕೆಂದು ನಾನು ವಾದಿಸುವುದು. ಬೆಳಕು ಗೋಡೆಯಲ್ಲಿ ತೂತು ಬಿಡುವುದಿಲ್ಲ, ಮನೆ ಬಿಡುವಾಗ ಮುಂಗಡದ ಹಣದಲ್ಲಿ ಮುರಿದುಕೊಳ್ಳಲಿಕ್ಕೂ ಏನಿರುವುದಿಲ್ಲ.

ವೃತ್ತಿನಿರತರು ದೀಪದ ಮುಂದಿಡುವ ಕತ್ತರಿಸಿದ ತಗಡನ್ನು ಗೋಬೊ ಎನ್ನುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಗೋಬೊಗಳಿಗೆ ಬರವಿಲ್ಲ. ಸಡಿಲ ಹೆಣಿಗೆಯ ಬಿದಿರಿನ ಬುಟ್ಟಿ, ಪೂರಿ ಕರಿಯುವ ಜಾಲರಿ ಸೌಟು, ಕ್ರೋಷಾ ಹಾಕಿದ ಮೇಜಿನ ಬಟ್ಟೆ ಎಲ್ಲವೂ ಆಗುತ್ತವೆ. ಏನೂ ಇಲ್ಲದಿದ್ದರೆ ಮದುವೆಯ ಆಹ್ವಾನಪತ್ರಿಕೆಯ ದಪ್ಪ ರಟ್ಟಿನಲ್ಲಿ ನಾಲ್ಕು ಎಲೆಯಾಕಾರ ಕತ್ತರಿಸಿದರಾಯಿತು. ದೀಪವಾಗಿ ಒಂದು ಮೊಬೈಲಿನ ಟಾರ್ಚು, ಚಿತ್ರ ತೆಗೆಯಲು ಇನ್ನೊಂದು ಮೊಬೈಲು.

ಟಾರ್ಚೇ ಏಕೆ, ಬಲ್ಬು ಏಕಾಗದು ಎಂಬುದನ್ನು ತುಸು ವಿವರಿಸಬೇಕು, ಗುಟ್ಟೆಲ್ಲ ಇರುವುದು ಅಲ್ಲಿಯೇ. ನೆರಳಿನ ಅಂಚು ಹರಿತವಾಗಬೇಕಾದರೆ ಬೆಳಕಿನ ಮೂಲ ಚಿಕ್ಕದಾಗಿರಬೇಕು. ಗೋಡೆಯಿಂದ 4 ಅಡಿ ದೂರದಲ್ಲಿ ದೀಪ, ದೀಪದಿಂದ 1 ಅಡಿ ಮುಂದೆ ಬುಟ್ಟಿ ಎಂದುಕೊಳ್ಳಿ. ಬುಟ್ಟಿಯ 1 ಅಂಗುಲದ ಕಿಂಡಿ ಗೋಡೆಯ ಮೇಲೆ 4 ಅಂಗುಲವಾಗುತ್ತದೆ. ದೀಪದ ಅಗಲ 5 ಮಿಲಿಮೀಟರ್ ಇದ್ದರೆ ಅಂಚಿನ ಮಬ್ಬು ಅದರ ಮೂರು ಪಟ್ಟು, ಅಂದರೆ 15 ಮಿಲಿಮೀಟರ್, ಹಿತವಾದ ಮೃದುತ್ವ. ಅದೇ ಜಾಗದಲ್ಲಿ 6 ಸೆಂಟಿಮೀಟರ್ ದಪ್ಪದ ಬಲ್ಬು ಇಟ್ಟರೆ ಮಬ್ಬೇ 18 ಸೆಂಟಿಮೀಟರ್. ಚಿತ್ತಾರ ಪೂರ್ತಿ ಕರಗಿಹೋಗುತ್ತದೆ. ಬುಟ್ಟಿಯನ್ನು ಗೋಡೆಯತ್ತ ಸರಿಸಿದಷ್ಟೂ ನೆರಳು ಚಿಕ್ಕದೂ ಚೊಕ್ಕಟವೂ ಆಗುತ್ತದೆ. ರಂಗೋಲಿಯ ಅಚ್ಚಿನಂತಹ ಸಣ್ಣ ತೂತಿನ ವಸ್ತುಗಳನ್ನು ದೀಪದ ಬಳಿ ಹಿಡಿದರೆ ಚುಕ್ಕಿಗಳು ಒಂದರೊಳಗೊಂದು ಬೆರೆತು ಬರೀ ಮಂಜು ಕಾಣುತ್ತದೆ, ಗೋಡೆಯ ಹತ್ತಿರ ಒಯ್ದರೆ ಮಾತ್ರ ಹೂವು ಅರಳುತ್ತದೆ. ತೊಗಲುಗೊಂಬೆಯಾಟದವರು ಗೊಂಬೆಯನ್ನು ಪರದೆಗೆ ಒತ್ತಿ ಹಿಡಿಯುವುದೂ ಈ ಕಾರಣಕ್ಕೇ. ತೊಗಲಿನಲ್ಲಿ ಕೊರೆದ ಒಡವೆಯ ಚುಕ್ಕಿಗಳು ಮಸುಕಾಗಬಾರದಲ್ಲ.

ಕೂರುವವರು ಗೋಡೆಯಿಂದ 5 ಅಡಿಯಾದರೂ ಮುಂದಿರಲಿ. ದೀಪವೂ ಬುಟ್ಟಿಯೂ ಅವರ ಬೆನ್ನ ಹಿಂದೆ ಸ್ಟೂಲಿನ ಮೇಲೆ ಅಡಗಿರಲಿ. ಮುಖಕ್ಕೆ ಬೇರೆಯದೇ ಬೆಳಕು ಬೇಕು: ಮುಸ್ಸಂಜೆಯ ಕಿಟಕಿ, ಇಲ್ಲವೇ ಪಕ್ಕದಿಂದ ಬಿಳಿ ಬಟ್ಟೆಯ ಮೂಲಕ ಬರುವ ಮೇಜುದೀಪ. ಈ ಬೆಳಕು ಗೋಡೆಯ ಮೇಲೆ ಚೆಲ್ಲಿದರೆ ಚಿತ್ತಾರ ಅಳಿಸಿಹೋಗುತ್ತದೆ. ನಡುವೆ ಕಪ್ಪು ರಟ್ಟೊಂದನ್ನು ಅಡ್ಡ ಹಿಡಿಯಲು ಮೊಮ್ಮಗನೊಬ್ಬ ಬೇಕು. ಟಾರ್ಚಿನ ಬೆಳಕು ತಣ್ಣಗೆ ನೀಲಿಯಾಗಿ ಕಂಡರೆ ಮಿಠಾಯಿ ಸುತ್ತಿದ ಹಳದಿ ಜಿಲೆಟಿನ್ ಕಾಗದ ಸಾಕು.

ಇಲ್ಲಿ ಎಚ್ಚರವೂ ಬೇಕು. ಕಿಟಕಿಪಟ್ಟಿಗಳ ಅಡ್ಡಗೆರೆ ನೆರಳು ಎಲ್ಲರಿಗೂ ಮೊದಲು ಹೊಳೆಯುವ ಚಿತ್ತಾರ, ಹಳೆಯ ಅಮೆರಿಕನ್ ಪತ್ತೇದಾರಿ ಚಿತ್ರಗಳ ಬಳುವಳಿ. ಅಜ್ಜಿಯನ್ನು ಅದರ ಮುಂದೆ ಕೂರಿಸಿದರೆ ಜಾಮೀನಿಗಾಗಿ ಕಾಯುತ್ತಿರುವಂತೆ ಕಾಣುತ್ತಾರೆ. ಮುಖದ ಮೇಲೆ ನೆರಳು ಬೀಳುವುದನ್ನು ನಮ್ಮ ಹಿರಿಯರು ಒಪ್ಪುವುದೂ ಇಲ್ಲ. ಆ ಆಕ್ಷೇಪ ನನಗೆ ನ್ಯಾಯವೆನಿಸುತ್ತದೆ. ಚಿತ್ತಾರ ಗೋಡೆಗಷ್ಟೇ ಸೀಮಿತವಾಗಿರಲಿ, ಮುಖಕ್ಕಿಂತ ಮಂದವಾಗಿರಲಿ.

ಇಷ್ಟೆಲ್ಲ ಏಕೆ, ಮೊಬೈಲೇ ಹಿನ್ನೆಲೆಯನ್ನು ಬದಲಿಸಿಕೊಡುವುದಲ್ಲ ಎನ್ನುವವರಿದ್ದಾರೆ. ಬದಲಿಸಿಕೊಡುತ್ತದೆ, ನಿಜ. ಆದರೆ ಅದು ಮಾಡುವುದು ಕತ್ತರಿಯ ಕೆಲಸ. ಎಷ್ಟೋ ಸಲ ಹಣೆಯಂಚಿನ ನರೆಗೂದಲನ್ನು, ಓಲೆಯ ಕೊನೆಯನ್ನು ತಿಂದು, ಮನುಷ್ಯರನ್ನು ಅವರ ಕೋಣೆಯಿಂದ ಬಿಡಿಸಿ ಮತ್ತೆಲ್ಲೋ ಅಂಟಿಸುತ್ತದೆ. ಬಿಳಿಯ ಪರದೆಯ ಕೆಲಸವೂ ಇದೇ ಆಗಿತ್ತು, ಇದು ಅದಕ್ಕೆ ಬಣ್ಣ ಬಳಿದಿದೆ. ಮೈಸೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ದುಡಿದ ವಿ. ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಪ್ರಸಿದ್ಧ ಬೆಳಕಿನ ಕೋಲನ್ನು ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿ ಪಡೆದರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರು. ಆ ಬೆಳಕು ನಂಬಿಕೆ ಹುಟ್ಟಿಸುವುದು ಅದು ನಿಜವಾಗಿಯೂ ಆ ಜಾಗದಲ್ಲಿ ಬಿದ್ದಿತ್ತೆಂಬ ಕಾರಣಕ್ಕೆ. ನಮ್ಮ ಬುಟ್ಟಿಯ ನೆರಳನ್ನು ಅದರೊಂದಿಗೆ ಹೋಲಿಸುವ ಉದ್ಧಟತನ ಬೇಡ. ಆದರೆ ಜಾತಿ ಒಂದೇ.

ಇನ್ನೊಂದು ಲಾಭವನ್ನು ಯಾವ ತಂತ್ರಾಂಶವೂ ಕೊಡಲಾರದು. ಈ ಚಿತ್ರಕ್ಕೆ ಒಂದು ಗಂಟೆ ಹಿಡಿಯುತ್ತದೆ. ಆ ಒಂದು ಗಂಟೆ ಮನೆಮಂದಿಯೆಲ್ಲ ಹಿರಿಯರ ಮುಖವನ್ನೇ ನೋಡುತ್ತ, ಅವರ ಸುತ್ತ ಓಡಾಡುತ್ತಿರುತ್ತಾರೆ. ಯಾವ ವಸ್ತುವಿನ ನೆರಳು ಬೇಕೆಂಬುದನ್ನು ಕೂರುವವರನ್ನೇ ಕೇಳಬೇಕು. ನಾನು ಆರಿಸಿದ ಕ್ರೋಷಾ ಬಟ್ಟೆಯನ್ನು ನಮ್ಮ ಅತ್ತೆಯವರು ಬೇಡವೆಂದರು. ಊರಿನಿಂದ ಹೂವು ತುಂಬಿಕೊಂಡು ಬಂದಿದ್ದ ಹಳೆಯ ಬುಟ್ಟಿಯನ್ನು ಅಟ್ಟದಿಂದ ಇಳಿಸಿದರು. ಚಿತ್ರವನ್ನು ತೋರಿಸಿದಾಗ ತಮ್ಮ ಮುಖದ ಬಗ್ಗೆ ಏನೂ ಹೇಳಲಿಲ್ಲ. ಬುಟ್ಟಿಯ ಹೆಣಿಗೆ ಒಂದು ಕಡೆ ಕಿತ್ತುಹೋಗಿರುವುದು ಗೋಡೆಯ ಮೇಲೂ ಕಾಣುತ್ತದೆ ನೋಡಿ, ಎಂದರು.